ಶುಭ ಶುಕ್ರವಾರದ ಸಭೆ

ನಾಲ್ಕು ಜನರನ್ನು ಒಂದು ಕಡೆ ಸೇರಿಸಬೇಕು, ಅದಕ್ಕೊಂದು ದಿನ ಗೊತ್ತು ಮಾಡಬೇಕು. ಇದೇನು ಮಹಾ ಕೆಲಸ ಅಂತ ನಮಗೆಲ್ಲ ಅನಿಸುತ್ತದೆ. ಆದೋನಿಯ ಭೀಮಲಿಂಗಪ್ಪನಿಗೂ ಹಾಗೇ ಅನಿಸಿತ್ತು.

ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷದ ಮಾತು ಇದು. ಸ್ಟೇಷನ್ ರಸ್ತೆಯ ಆಚೆ ಒಂದು ಹತ್ತಿ ಮಿಲ್ಲಿತ್ತು. ಭೀಮಲಿಂಗಪ್ಪ ಅಲ್ಲಿ ಮೇಸ್ತ್ರಿ. ಅವನ ಕೈಕೆಳಗೆ ನಲವತ್ತೆರಡು ಹೆಣ್ಣಾಳುಗಳು. ಸಾಲಾಗಿ ನಿಂತ ಯಂತ್ರಗಳಿಗೆ ಹತ್ತಿ ಉಣಿಸುವುದು ಅವರ ಕೆಲಸ. ಅರಳೆ ಒಂದು ಕಡೆ, ಬೀಜ ಒಂದು ಕಡೆ ಬೀಳುತ್ತಿತ್ತು. ಸದ್ದು ಎಷ್ಟೆಂದರೆ ಪಕ್ಕದಲ್ಲಿದ್ದವಳು ಕೂಗಿ ಹೇಳಿದರೂ ಅರ್ಧ ಮಾತು ಗಾಳಿಗೆ ಹೋಗುತ್ತಿತ್ತು.

ಆ ಬೇಸಿಗೆಯ ಮೊದಲಿಗೆ ಸರ್ಕಾರದ ಇನ್‌ಸ್ಪೆಕ್ಟರು ಬಂದು ಮಿಲ್ಲು ನೋಡಿ, ಪ್ರತಿ ಸಾಲಿಗೂ ಒಂದು ಹಗ್ಗ ಕಟ್ಟಿಸಿ ಹೋದರು. ಯಾರದಾದರೂ ಕೈಯೋ ಸೆರಗೋ ಸಿಕ್ಕಿಕೊಂಡರೆ ಆ ಹಗ್ಗ ಜಗ್ಗಬೇಕು. ಜಗ್ಗಿದರೆ ಬೆಲ್ಟು ಜಾರಿ ಯಂತ್ರ ನಿಂತುಬಿಡುತ್ತದೆ. ಎಲ್ಲ ಆಳುಗಳನ್ನೂ ಒಂದು ದಿನ ಸೇರಿಸಿ ಇದನ್ನು ಕಲಿಸಬೇಕು ಅಂತ ಅವರು ಹೇಳಿದರು. ಸಾಹುಕಾರರು ಆ ಕೆಲಸವನ್ನು ಭೀಮಲಿಂಗಪ್ಪನಿಗೆ ಒಪ್ಪಿಸಿದರು.

ಅವನು ಎರಡು ನಿಮಿಷದಲ್ಲಿ ದಿನ ಗೊತ್ತು ಮಾಡಿದ. ಶನಿವಾರ ಹೋಳಿ ಹುಣ್ಣಿಮೆ, ಅವತ್ತು ಬೇಡ. ಹಿಂದಿನ ದಿನ ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಸಭೆ. ಎಲ್ಲರೂ ಬರಲೇಬೇಕು ಅಂತ ಸಾಲಿನುದ್ದಕ್ಕೂ ಸಾರಿಕೊಂಡು ಬಂದ.

ಮರುದಿನ ಯಂತ್ರಗಳು ಓಡುತ್ತಿರುವಾಗಲೇ ಸುವಾರ್ತಮ್ಮ ಅವನ ಹತ್ತಿರ ಬಂದು ನಿಂತಳು. ಅವಳು ಊರ ಹೊರಗಿನ ಕ್ರೈಸ್ತರ ಕೇರಿಯವಳು. ಮನೆಮಾತು ತೆಲುಗು, ಕನ್ನಡವನ್ನೂ ಬೆರೆಸಿ ಮಾತಾಡುತ್ತಿದ್ದಳು. ಶುಕ್ರವಾರದ ಬಗ್ಗೆ ಏನೋ ಹೇಳಿದಳು. ಅವನಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ.

"ಆ ದಿನ ಶುಭ ಶುಕ್ರವಾರಂ, ಮೇಸ್ತ್ರಿಗಾರು."

"ಹೌದವಾ, ನಂಗೂ ಗೊತ್ತೈತಿ. ಅದಕ್ಕ ಆ ದಿನಾನೇ ಹಿಡಿದೀನಿ," ಎಂದ ಭೀಮಲಿಂಗಪ್ಪ. ಒಳ್ಳೆಯ ದಿನ ನೋಡಿ ಸಭೆ ಇಟ್ಟಿದ್ದಕ್ಕೆ ಆಳು ಬಂದು ಮೆಚ್ಚಿ ಹೇಳಿದಳಲ್ಲ ಅಂತ ಅವನಿಗೆ ಖುಷಿಯಾಯಿತು. ಸುವಾರ್ತಮ್ಮನೂ ಕೈಮುಗಿದು ನಗುತ್ತ ತನ್ನ ಯಂತ್ರಕ್ಕೆ ಹೋದಳು.

ಶುಕ್ರವಾರ ಬಂತು. ಎಣಿಸಿದರೆ ಮೂವತ್ಮೂರು ಜನ. ಕ್ರೈಸ್ತರ ಕೇರಿಯ ಒಂಬತ್ತು ಹೆಂಗಸರಲ್ಲಿ ಒಬ್ಬಳೂ ಇಲ್ಲ. ಅದೂ ಶುಭ ದಿನ ಅಂತ ತಾನಾಗಿ ಬಂದು ಹೇಳಿದ ಸುವಾರ್ತಮ್ಮನೇ ಇಲ್ಲ. ಭೀಮಲಿಂಗಪ್ಪನಿಗೆ ಏನೂ ತಿಳಿಯಲಿಲ್ಲ. ಮುಖದ ಮುಂದೆ ಹೌದೆಂದು ಬೆನ್ನ ಹಿಂದೆ ಕೈಕೊಟ್ಟಳೇ ಅಂತ ಸಿಟ್ಟು ಬಂತು. ಬಂದವರಿಗೆ ಹಗ್ಗ ತೋರಿಸಿ, ಜಗ್ಗುವುದು ಹೇಗೆಂದು ಕಲಿಸಿ ಕಳಿಸಿದ. ಬರದವರಿಗೆ ಆಮೇಲೂ ತೋರಿಸಲಿಲ್ಲ. ಬೇಕಾಗಿದ್ದರೆ ಬರುತ್ತಿದ್ದರು ಅನ್ನುವುದು ಅವನ ಲೆಕ್ಕ.

ನಾಲ್ಕು ದಿನ ಕಳೆಯಿತು. ಮಂಗಳವಾರ ಬೆಳಿಗ್ಗೆ ಕೊಂಡಮ್ಮನ ಸೆರಗು ಯಂತ್ರಕ್ಕೆ ಸಿಕ್ಕಿತು, ಬಿಡಿಸಿಕೊಳ್ಳಲು ಹೋದ ಎಡಗೈಯೂ ಸಿಕ್ಕಿತು. ಈ ಕೊಂಡಮ್ಮ ಭೀಮಲಿಂಗಪ್ಪನ ಹೆಂಡತಿ ಉಚ್ಚಮ್ಮನ ಒಡಹುಟ್ಟಿದ ತಂಗಿ. ಅವಳು ಶುಕ್ರವಾರದ ಸಭೆಗೆ ಬಂದವಳೇ, ಹಗ್ಗ ಜಗ್ಗಲು ಕಲಿತವಳೇ. ಆದರೆ ಸಿಕ್ಕಿಕೊಂಡವಳು ಹಗ್ಗದ ತನಕ ಹೋಗುವುದು ಹೇಗೆ? ಜಗ್ಗಬೇಕಾದವಳು ಪಕ್ಕದಲ್ಲಿದ್ದವಳು. ಪಕ್ಕದಲ್ಲಿದ್ದವಳು ಸುವಾರ್ತಮ್ಮ.

ಸುವಾರ್ತಮ್ಮ ಎರಡೂ ಕೈಯಿಂದ ಕೊಂಡಮ್ಮನ ನಡು ತಬ್ಬಿ ಹಿಂದಕ್ಕೆ ಎಳೆದಳು. ಜೀವ ಹೋಗುವ ಹಾಗೆ ಎಳೆದಳು. ಹಗ್ಗ ಅವಳ ಬೆನ್ನ ಹಿಂದೆಯೇ, ಒಂದು ಮಾರು ದೂರದಲ್ಲಿ ತೂಗುತ್ತಿತ್ತು. ಅದು ಯಾತಕ್ಕೆ ಅಂತ ಅವಳಿಗೆ ಗೊತ್ತಿರಲಿಲ್ಲ. ಸಾಲಿನ ಆ ತುದಿಯಿಂದ ಗಾದಿಲಿಂಗಮ್ಮ ಓಡಿ ಬಂದು ಜಗ್ಗುವಷ್ಟರಲ್ಲಿ ಕೊಂಡಮ್ಮನ ಎಡಗೈಯ ಎರಡು ಬೆರಳು ಹೋಗಿದ್ದವು.

ಭೀಮಲಿಂಗಪ್ಪ ಎಲ್ಲರ ಮುಂದೆ ಸುವಾರ್ತಮ್ಮನನ್ನು ಬಾಯಿಗೆ ಬಂದಂತೆ ಬೈದ. ಸಭೆಗೆ ಬಂದಿದ್ದರೆ ಕೊಂಡಮ್ಮನ ಬೆರಳು ಉಳಿಯುತ್ತಿದ್ದವು ಎಂದ. ಮರುದಿನ ಸುವಾರ್ತಮ್ಮನೂ ಕೇರಿಯ ಉಳಿದ ಎಂಟು ಜನರೂ ಕೆಲಸಕ್ಕೆ ಬರಲಿಲ್ಲ.

ಆಸ್ಪತ್ರೆಯಿಂದ ಕೊಂಡಮ್ಮನನ್ನು ಅಕ್ಕನ ಮನೆಗೇ ಕರೆತಂದಿದ್ದರು. ಪಕ್ಕದ ಮನೆಯ ಜಯಕ್ಕ ದಿನಾ ಬಂದು ಪಟ್ಟಿ ಬಿಚ್ಚಿ ಕಟ್ಟುತ್ತಿದ್ದಳು. ಜಯಕ್ಕ ಮುನಿಸಿಪಾಲಿಟಿಯ ಸೂಲಗಿತ್ತಿ. ಆದೋನಿಯ ಎಲ್ಲ ಕೇರಿಗಳ ಬಾಣಂತಿ ಕೋಣೆಗೂ ಹೋಗಿಬರುವವಳು. ಯಾರು ಯಾವತ್ತು ಉಪವಾಸ ಇರುತ್ತಾರೆ, ಯಾರ ಮನೆಯಲ್ಲಿ ಯಾವತ್ತು ಒಲೆ ಹಚ್ಚುವುದಿಲ್ಲ, ಅದೆಲ್ಲ ಅವಳಿಗೆ ಬಾಯಿಪಾಠ.

ಒಂದು ದಿನ ಉಚ್ಚಮ್ಮ ಸುವಾರ್ತಮ್ಮನ ಹೆಸರೆತ್ತಿ ಶಾಪ ಹಾಕತೊಡಗಿದಾಗ ಜಯಕ್ಕ ಅವಳನ್ನು ತಡೆದಳು. ಡಾಕ್ಟರು ಹೇಳಿದ್ದನ್ನು ತಾನು ಕೇಳಿದ್ದೇನೆ, ಆ ಹೆಂಗಸು ಹಾಗೆ ಹಿಡಿದು ಎಳೆಯದಿದ್ದರೆ ಮೊಣಕೈ ತನಕ ಹೋಗುತ್ತಿತ್ತಂತೆ ಎಂದಳು. ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಕೊಂಡಮ್ಮ, ಅದು ನಿಜ, ತನ್ನನ್ನು ಆಕೆ ಬಿಡಲೇ ಇಲ್ಲ ಎಂದಳು.

"ಮತ್ತ ಸಭಿಗ್ಯಾಕ ಬರಲಿಲ್ಲ ಆಕಿ?" ಎಂದ ಭೀಮಲಿಂಗಪ್ಪ. "ತಾನ ಬಂದು ಶುಭ ಶುಕ್ರವಾರ ಅಂತ ಹೇಳಿ ಹೋದಾಕಿ."

ಜಯಕ್ಕ ಪಟ್ಟಿ ಸುತ್ತುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಅವರ ಯೇಸುಸ್ವಾಮಿ ಶಿಲುಬೆಯ ಮೇಲೆ ಪ್ರಾಣ ಬಿಟ್ಟ ದಿನ ಅದು, ಅವತ್ತು ಉಪವಾಸ ಇದ್ದು ಮಧ್ಯಾಹ್ನ ಮೂರು ತಾಸು ಚರ್ಚಿನಲ್ಲಿ ಕುಳಿತು ಪ್ರಾರ್ಥನೆ ಮಾಡುತ್ತಾರೆ, ವರ್ಷಕ್ಕೊಮ್ಮೆ ಬರುವ ಆ ದಿನಕ್ಕೆ ಹೆಸರೇ ಶುಭ ಶುಕ್ರವಾರ ಅಂತ ತಿಳಿಸಿ ಹೇಳಿದಳು.

ಭೀಮಲಿಂಗಪ್ಪನಿಗೆ ಆಗ ಹೊಳೆಯಿತು. ಸುವಾರ್ತಮ್ಮ ಕೇರಿಯವರೆಲ್ಲರ ಪರವಾಗಿ ರಜೆ ಕೇಳಲು ಬಂದಿದ್ದಳು. ಅವನು ಗೊತ್ತೈತಿ ಅಂದಾಗ ರಜೆ ಸಿಕ್ಕಿತು ಅಂದುಕೊಂಡು ಕೈಮುಗಿದು ಹೋಗಿದ್ದಳು. ಆದರೂ ಒಂದು ಅವನಿಗೆ ಅರ್ಥವಾಗಲಿಲ್ಲ. ದೇವರು ಸತ್ತ ದಿನಕ್ಕೆ ಶುಭ ಅಂತ ಯಾಕೆ ಅನ್ನಬೇಕು? ಅದನ್ನು ಅವಳನ್ನೇ ಕೇಳು ಅಂದಳು ಜಯಕ್ಕ.

"ಅಲ್ಲ ಜಯಕ್ಕ, ಇರೋರು ನಲವತ್ತೆರಡು ಮಂದಿ. ಒಬ್ಬೊಬ್ಬರದು ಒಂದೊಂದು ಹಬ್ಬ. ಎಲ್ಲಾ ನೆನಪಿಟ್ಕಂತ ಕುಂತ್ರ ನಾನು ಮೇಸ್ತ್ರಿಕಿ ಮಾಡ್ಲೋ, ಪಂಚಾಂಗ ಹೇಳ್ಲೋ?"

"ಶನಿವಾರ ಯಾಕ ಇಡಲಿಲ್ಲ ನೀನು ಸಭಿ?"

"ಹೋಳಿ ಹುಣ್ಣಿವಿ ಇತ್ತಲ್ಲ."

"ಅದನ್ನ ಯಾರು ಹೇಳಿದ್ರು ನಿನಗ?"

"ಯಾರು ಹೇಳಬೇಕು? ಗೊತ್ತ ಇರತೈತಿ."

"ನೋಡಪಾ," ಎಂದಳು ಜಯಕ್ಕ, "ನಿನ್ನ ಹಬ್ಬ ಯಾರೂ ಹೇಳದಿದ್ರೂ ನಿನಗ ನೆನಪಾಗತೈತಿ. ಆಕಿ ಹಬ್ಬ ಆಕಿ ಬಂದು ಹೇಳಿದ್ರೂ ನಿನಗ ಕೇಳಲಿಲ್ಲ."

ಸಂಜೆ ಭೀಮಲಿಂಗಪ್ಪ ಜಯಕ್ಕನನ್ನು ಕರೆದುಕೊಂಡು ಕೇರಿಗೆ ಹೋದ. ಉಚ್ಚಮ್ಮನೂ ಹೊರಟಳು. ಸುವಾರ್ತಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎದ್ದು ನಿಂತಳೇ ಹೊರತು ಕೂತುಕೊಳ್ಳಿರಿ ಅನ್ನಲಿಲ್ಲ. ತಪ್ಪಾಯಿತು ಅನ್ನುವುದು ಭೀಮಲಿಂಗಪ್ಪನಿಗೆ ಅಭ್ಯಾಸವಿಲ್ಲದ ಮಾತು. ತೊದಲಿ ತೊದಲಿ ಹೇಳಿದ. ಉಚ್ಚಮ್ಮ ಮುಂದೆ ಹೋಗಿ ಸುವಾರ್ತಮ್ಮನ ಎರಡೂ ಕೈ ಹಿಡಿದುಕೊಂಡಳು.

ಹಗ್ಗ ಯಾತಕ್ಕೆ ಅಂತ ಒಂದು ಮಾತು ತಿಳಿದಿದ್ದರೆ ತಾನು ಜಗ್ಗದೆ ಇರುತ್ತಿದ್ದೆನೇ ಅಂತ ಸುವಾರ್ತಮ್ಮ ಅತ್ತಳು. ಹೊರಡುವಾಗ ಅವನು ಶುಭದ ಮಾತು ಕೇಳಿಯೇ ಬಿಟ್ಟ. "ನಮಗೋಸರಂ ಪ್ರಾಣ ಕೊಟ್ಟಾನ ಅನ್ನಾ, ಅದಕ್ಕ ಶುಭ," ಎಂದಳು. ಅವನಿಗೆ ಪೂರಾ ತಿಳಿಯಲಿಲ್ಲ. ತಿಳಿಯದಿದ್ದರೂ ಆ ದಿನವನ್ನು ಬಿಟ್ಟುಕೊಡಬಹುದಲ್ಲ ಅನ್ನುವುದು ಮಾತ್ರ ತಿಳಿಯಿತು.

ಕೇರಿಯವರು ಕೆಲಸಕ್ಕೆ ಮರಳಿದರು. ಎರಡನೆಯ ಸಭೆಗೆ ದಿನ ಗೊತ್ತು ಮಾಡಬೇಕಾಯಿತು. ಈ ಸಲ ತಪ್ಪಬಾರದೆಂದು ಭೀಮಲಿಂಗಪ್ಪ ಒಬ್ಬೊಬ್ಬರನ್ನೇ ಯಾವ ದಿನ ಚಲೋ ಅಂತ ಕೇಳುತ್ತ ಹೋದ. ಸೋಮವಾರ ಒಪ್ಪೊತ್ತು, ಒಂದೇ ಊಟ ಎಂದಳು ಗಾದಿಲಿಂಗಮ್ಮ. ಗುರುವಾರ ದರ್ಗಾಕ್ಕೆ ಹೋಗುತ್ತೇನೆ ಎಂದಳು ಖಾಜಾಬೀ. ಶನಿವಾರ ಹನುಮಪ್ಪನ ವಾರ, ಭಾನುವಾರ ಚರ್ಚು, ಮಂಗಳವಾರ ಹೊಸ ಕೆಲಸಕ್ಕೆ ಕೈ ಹಚ್ಚಬಾರದು, ಬುಧವಾರ ಸಂಜೆ ಸಂತೆ. ಶುಕ್ರವಾರದ ಹೆಸರೆತ್ತಲು ಅವನಿಗೇ ಹೆದರಿಕೆ. ಇದರ ಮಧ್ಯೆ ಖಾಜಾಬೀ, ತಮ್ಮ ಮುಂದಿನ ಹಬ್ಬದ ದಿನವನ್ನು ಈಗಲೇ ಗಟ್ಟಿಯಾಗಿ ಹೇಳಲಾಗುವುದಿಲ್ಲ, ಚಂದ್ರ ಕಂಡ ಮೇಲೆಯೇ ಲೆಕ್ಕ ಎಂದಳು. ಚಂದ್ರ ಕಾಣದಿದ್ದರೆ ಅಂತ ಕೇಳಿದ. ಮರುದಿನ ಎಂದಳು. ವಾರದಲ್ಲಿ ಏಳೇ ದಿನ, ಅದರಲ್ಲಿ ಒಂದೂ ಉಳಿಯಲಿಲ್ಲವಲ್ಲ ಅಂತ ಅವನು ಸೋತು ಜಯಕ್ಕನ ಕಟ್ಟೆಯ ಮೇಲೆ ಬಂದು ಕುಳಿತ.

ಜಯಕ್ಕ ನಕ್ಕಳು. "ನೀ ಕೇಳಿದ್ದ ತಪ್ಪೈತಿ. ಯಾವ ದಿನ ಚಲೋ ಅಂತ ಕೇಳಬ್ಯಾಡ. ಯಾವ ದಿನ, ಯಾವ ಹೊತ್ತು ಬರಾಕ ಆಗೋದೇ ಇಲ್ಲ ಅಂತ ಕೇಳು."

ಹಾಗೆ ಕೇಳಿದಾಗ ಗಂಟು ಮೆಲ್ಲಗೆ ಸಡಿಲವಾಯಿತು. ಒಪ್ಪೊತ್ತಿದ್ದರೂ ಬರುತ್ತೇನೆ, ಚಹಾ ತಿಂಡಿ ತಗೋ ಅಂತ ಒತ್ತಾಯ ಮಾಡಬೇಡಿರಿ ಅಂದಳು ಗಾದಿಲಿಂಗಮ್ಮ. ಖಾಜಾಬೀ ದರ್ಗಾಕ್ಕೆ ಹೋಗುವುದು ಸಂಜೆ, ಬೆಳಿಗ್ಗೆ ಆದರೆ ಅಡ್ಡಿಯಿಲ್ಲ. ಚಂದ್ರನ ಹಬ್ಬ ಇನ್ನೂ ದೂರ ಇತ್ತು. ಅದರ ಆಚೆ ಈಚೆ ಒಂದೊಂದು ದಿನ ಖಾಲಿ ಬಿಟ್ಟರೆ ಸಾಕು. ಒಂದೇ ದೇವರಿಗೆ ನಡೆದುಕೊಳ್ಳುವವರಲ್ಲೂ ಒಬ್ಬಳಿಗೆ ಕಟ್ಟುನಿಟ್ಟು, ಇನ್ನೊಬ್ಬಳಿಗೆ ಇಲ್ಲ ಅನ್ನುವುದೂ ಗೊತ್ತಾಯಿತು. ಹೀಗಾಗಿ ಒಬ್ಬಳನ್ನು ಕೇಳಿ ಎಲ್ಲರ ಪರವಾಗಿ ತಿಳಿದುಕೊಳ್ಳುವ ಹಾಗಿರಲಿಲ್ಲ. ಕೊನೆಗೆ ಯುಗಾದಿಗಿಂತ ಮುಂಚಿನ ಬುಧವಾರ, ಬೆಳಿಗ್ಗೆ ಹತ್ತು ಗಂಟೆ ಅಂತ ಆಯಿತು. ಈ ಸಲ ಭೀಮಲಿಂಗಪ್ಪ ಯಂತ್ರ ನಿಲ್ಲಿಸಿ, ಸದ್ದಡಗಿದ ಮೇಲೆ, ಕನ್ನಡದಲ್ಲೂ ತೆಲುಗಿನಲ್ಲೂ ಎರಡೆರಡು ಸಲ ಹೇಳಿದ. ಯಾರಿಗಾದರೂ ಆಗದಿದ್ದರೆ ಈಗಲೇ ಹೇಳಿರಿ, ಬೈಯುವುದಿಲ್ಲ ಎಂದ.

ಬುಧವಾರ ನಲವತ್ತೊಂದು ಜನ ಬಂದರು. ಕೊಂಡಮ್ಮನೂ ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದು ಬಾಗಿಲ ಹತ್ತಿರ ಕುಳಿತಳು. ಆದಿಲಕ್ಷ್ಮಿ ಒಬ್ಬಳು ಬರಲಿಲ್ಲ. ಮಗುವಿಗೆ ಜ್ವರ ಅಂತ ಹೇಳಿ ಕಳಿಸಿದ್ದಳು. ಭೀಮಲಿಂಗಪ್ಪ ಯಂತ್ರ ಓಡಿಸಿ ಮೊದಲು ಸುವಾರ್ತಮ್ಮನನ್ನು ಕರೆದ. ಅವಳು ಹಗ್ಗದ ಮುಂದೆ ಒಂದು ಗಳಿಗೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗ್ಗಿದಳು. ಸಾಲಿಗೆ ಸಾಲೇ ನಿಂತಿತು. ಅಷ್ಟು ಸುಲಭವೇ ಅನ್ನುವ ಹಾಗೆ ತನ್ನ ಅಂಗೈ ನೋಡಿಕೊಂಡಳು. ಬಾಗಿಲ ಹತ್ತಿರ ಕೊಂಡಮ್ಮ ಕಣ್ಣೊರೆಸಿಕೊಂಡಳು. ಭೀಮಲಿಂಗಪ್ಪನಿಗೆ ಯಾರ ಮುಖವನ್ನೂ ನೋಡಲಾಗಲಿಲ್ಲ.

ಮರುದಿನ ಆದಿಲಕ್ಷ್ಮಿ ಬಂದಾಗ ಅವಳೊಬ್ಬಳಿಗೇ ಯಂತ್ರ ಓಡಿಸಿ, ನಿಲ್ಲಿಸಿ ತೋರಿಸಿದ.

ಅಣ್ಣಂದಿರೇ, ಅಕ್ಕಂದಿರೇ, ನೀವು ಆಫೀಸಿನಲ್ಲೋ ಕಾರ್ಖಾನೆಯಲ್ಲೋ ಶಾಲೆಯಲ್ಲೋ ಸಂಘದಲ್ಲೋ ಸಭೆ ಕರೆಯುವವರಾದರೆ ಇಷ್ಟು ಮಾಡಿ. ದಿನ ಬರೆಯುವ ಮೊದಲು, ಬರಬೇಕಾದವರನ್ನು ಕೇಳಿ. ಎಂಟು ಹತ್ತು ದಿನ ಮುಂಚೆ ಹೇಳಿ. ಉಪವಾಸ ಇದ್ದವರ ಮುಂದೆ ಊಟದ ಸಭೆ ಇಡಬೇಡಿ, ಪ್ರಾರ್ಥನೆಯ ಹೊತ್ತಿಗೆ ಕರೆಯಬೇಡಿ. ಬರಲಾಗದವರಿಗೆ ಇನ್ನೊಮ್ಮೆ ತಿಳಿಸಿ. ಎಲ್ಲರ ಹಬ್ಬವೂ ನಿಮಗೆ ಗೊತ್ತಿರಬೇಕಾಗಿಲ್ಲ, ಗೊತ್ತಿರುವುದೂ ಇಲ್ಲ. ಗಲಿಬಿಲಿಯಾದರೆ ನಾಚಿಕೆಪಡದೆ ಕೇಳಿ. ಮತ್ತು ಯಾರಾದರೂ ನಿಮ್ಮ ಹಬ್ಬದ ದಿನವೇ ಸಭೆ ಇಟ್ಟಿದ್ದರೆ, ಸುಮ್ಮನೆ ಉಳಿಯಬೇಡಿ. ಎದುರಿನವರಿಗೆ ತಿಳಿಯಿತು ಅನ್ನಿಸುವ ತನಕ, ಸದ್ದು ಕಡಿಮೆಯಿರುವಲ್ಲಿ ಅವರನ್ನು ನಿಲ್ಲಿಸಿಕೊಂಡು ಹೇಳಿ. ಒಬ್ಬರು ಬರದ ಸಭೆಯ ನಷ್ಟ ಆ ಒಬ್ಬರದೇ ಆಗಿ ಉಳಿಯುವುದಿಲ್ಲ.