ಟೋಪಿಯ ತಪ್ಪು

ಕುದಿಯುತ್ತಿದ್ದ ಕೆಟಲಿನ ಮೂತಿಗೆ ಟೋಪಿಯ ಹಿಂದಿನ ಅಂಚನ್ನು ಹಿಡಿದು ಅವನು ಹಬೆ ಕುಡಿಸುತ್ತಿದ್ದ. ಮಲಗಿದವನ ತಲೆಗೆ ಟೋಪಿ ಕೂರಿಸುವುದು ಸುಲಭದ ಕೆಲಸವಲ್ಲ. ಹಿಂದಿನ ಅಂಚು ದಿಂಬಿಗೆ ತಾಗಿ ಇಡೀ ಟೋಪಿಯನ್ನು ಮುಂದಕ್ಕೆ ನೂಕುತ್ತದೆ. ಫೆಲ್ಟ್ ಮೆತ್ತಗಾಗುವವರೆಗೆ ಕಾದು, ಅಂಚನ್ನು ಕೆಳಕ್ಕೆ ಮಡಿಸಿ, ಆರುವ ತನಕ ಕೈಯಲ್ಲೇ ಒತ್ತಿ ಹಿಡಿದಿರಬೇಕು. ಬಿಸಿಯಿರುವಾಗ ಬಿಟ್ಟರೆ ಅದು ತನ್ನ ಹಳೆಯ ಆಕಾರಕ್ಕೇ ತಿರುಗಿಕೊಳ್ಳುತ್ತದೆ. ನಲವತ್ತು ವರ್ಷದಿಂದ ಬೇರೆಯವರ ತಲೆಗಳಿಗಾಗಿ ಈ ಕೆಲಸ ಮಾಡಿದ ಟೋಪಿಯವನು ಇವತ್ತು ತಮ್ಮನ ಅಡುಗೆಮನೆಯಲ್ಲಿ ನಿಂತು ತಮ್ಮನ ಟೋಪಿಯನ್ನು ಹಿಡಿದಿದ್ದ. ತಮ್ಮ ಮುಂದಿನ ಕೋಣೆಯಲ್ಲಿ, ಮುಚ್ಚಳ ತೆರೆದ ಪೆಟ್ಟಿಗೆಯಲ್ಲಿ ಮಲಗಿದ್ದ.

"ಆಯ್ತಾ ಭಾವ?" ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

"ಆಯ್ತಮ್ಮಾ. ಸ್ವಲ್ಪ ಆರಲಿ."

"ಟೋಪಿ ಇಲ್ಲದೆ ಈ ಬೀದಿ ಅವರನ್ನ ನೋಡೇ ಇಲ್ಲ. ಎದುರುಮನೆಯವರು ಬಂದವರು ಮುಖ ನೋಡಿ, ಬೇರೆ ಮನೆಗೆ ಬಂದ್ವೇನೋ ಅನ್ನೋ ಹಾಗೆ ನಿಂತುಬಿಟ್ರು." ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವರ ಹಣೆ ಅಷ್ಟು ಬೆಳ್ಳಗಿದೆ ಅಂತ ಅವರಿಗೇ ಗೊತ್ತಿರಲಿಲ್ಲ ಅನ್ಸುತ್ತೆ."

ಅದು ನಿಜ. ಇಪ್ಪತ್ತಾರು ವರ್ಷ ಮನೆ ಮನೆಗೆ ತಿರುಗಿ ನೀರಿನ ಮೀಟರು ಓದಿದವನು ತಮ್ಮ. ಗೇಟಿನ ಹತ್ತಿರ ಮಂಡಿಯೂರಿ, ಕಬ್ಬಿಣದ ಮುಚ್ಚಳ ಎತ್ತಿ, ಮಣ್ಣು ಕೂತ ಗಾಜನ್ನು ಹೆಬ್ಬೆರಳಿನಿಂದ ಒರೆಸಿ, ಅಂಕಿಗಳನ್ನು ಗಟ್ಟಿಯಾಗಿ ಓದಿ, ಆಮೇಲೆ ಬರೆದುಕೊಳ್ಳುತ್ತಿದ್ದ. ಹುಬ್ಬಿನಿಂದ ಕೆಳಗೆ ಬಿಸಿಲು ಸುಟ್ಟ ಮುಖ. ಹುಬ್ಬಿನಿಂದ ಮೇಲೆ ಕೂಸಿನ ಹಣೆ. ಯಾರಾದರೂ ಲೆಕ್ಕ ಹೆಚ್ಚಾಯಿತೆಂದು ಜಗಳಕ್ಕೆ ಬಂದರೆ ಸಿಟ್ಟಾಗುತ್ತಿರಲಿಲ್ಲ. "ನಾನು ಸುಳ್ಳು ಹೇಳಬಹುದು, ನೀವು ಹೇಳಬಹುದು. ಪಾಪ, ಮೀಟರಿಗೆ ಯಾಕೆ ಬೇಕು?" ಎನ್ನುತ್ತಿದ್ದ. ಅಳತೆಯನ್ನು ಅವನು ನಂಬಿದಷ್ಟು ಮನುಷ್ಯರನ್ನು ನಂಬಿದವನಲ್ಲ. ಒಬ್ಬ ಅಣ್ಣನನ್ನು ಬಿಟ್ಟು.

ಅವಳು ಹೋದಳು. ಟೋಪಿಯವನು ಅಂಚನ್ನು ಸರಿಯಾಗಿ ಹಿಡಿಯಲೆಂದು ಹೆಬ್ಬೆರಳನ್ನು ಒಳಗಿನ ಚರ್ಮದ ಪಟ್ಟಿಯ ಹಿಂದೆ ತೂರಿಸಿದ. ಅಲ್ಲಿ, ಒಂದರ ಮೇಲೊಂದು ಒತ್ತಿಕೊಂಡು, ಅವನೇ ಇಟ್ಟ ಫೆಲ್ಟಿನ ತುಂಡುಗಳು ಮೂರೂ ಇದ್ದವು. ಕೆಂಡ ಮುಟ್ಟಿದವನಂತೆ ಬೆರಳು ಹಿಂದಕ್ಕೆ ಎಳೆದುಕೊಂಡ.

* * *

ಹೋದ ವರ್ಷ ಗಾಳಿ ಜೋರಾದ ದಿನಗಳಲ್ಲಿ ತಮ್ಮ ಅಂಗಡಿಗೆ ಬಂದಿದ್ದ.

"ಅಣ್ಣಾ, ನಿನ್ನ ಟೋಪಿ ನನ್ನ ಮಾತು ಕೇಳ್ತಿಲ್ಲ. ಇವತ್ತು ಮೂರು ಸಲ ಚರಂಡಿ ಕಡೆ ಓಡಿಹೋಯ್ತು."

"ಕೂತ್ಕೋ, ನೋಡೋಣ."

ಟೇಪು ಸುತ್ತಿದ. ಹತ್ತು ವರ್ಷದಿಂದ ಕೂದಲೆಳೆಯಷ್ಟೂ ಬದಲಾಗದಿದ್ದ ತಲೆ ಅರ್ಧ ಬೆರಳು ಕಡಿಮೆಯಾಗಿತ್ತು. ಇನ್ನೊಮ್ಮೆ ಸುತ್ತಿದ. ಅಷ್ಟೇ ಬಂತು. ಹೀಗೆ ಇಳಿದ ತಲೆಗಳನ್ನು ಅವನು ಮೊದಲೂ ಕಂಡಿದ್ದ. ಆ ಗಿರಾಕಿಗಳು ಮುಂದಿನ ಚಳಿಗಾಲಕ್ಕೆ ಹೊಸ ಟೋಪಿ ಕೇಳಲು ಬರುತ್ತಿರಲಿಲ್ಲ.

"ತಲೆ ಸಣ್ಣದಾಗಿಲ್ಲ ತಾನೆ?" ತಮ್ಮ ಕನ್ನಡಿಯಲ್ಲಿ ಅವನನ್ನೇ ನೋಡುತ್ತ ನಕ್ಕ. "ನೀನೇ ಹೇಳ್ತಿದ್ದೆಯಲ್ಲ, ಕಾಯಿಲೆ ಬರೋನಿಗೆ ಮೊದಲು ಟೋಪಿ ಸಡಿಲ ಆಗುತ್ತೆ ಅಂತ."

ಅಂಗಡಿಯಲ್ಲಿ ಅಪ್ಪನ ಕಾಲದಿಂದ ಒಂದು ಕಟ್ಟಳೆಯಿತ್ತು. ಗಿರಾಕಿಯ ತಲೆಯನ್ನು ದೂರಬಾರದು. ತಲೆ ಹಿಗ್ಗಿರಲಿ, ಕುಗ್ಗಿರಲಿ, ಸೊಟ್ಟಗಿರಲಿ, ತಪ್ಪನ್ನು ಟೋಪಿಯ ಮೇಲೆ ಹಾಕಬೇಕು. ನಲವತ್ತು ವರ್ಷ ಆಡಿದ ಮಾತು ತಾನಾಗಿಯೇ ನಾಲಿಗೆಗೆ ಬಂತು.

"ಛೆ, ನಿನ್ನ ತಲೆ ಕಲ್ಲುಗುಂಡು ಕಣೋ. ಫೆಲ್ಟ್ ಬೆವರು ಕುಡಿದು ಹಿಗ್ಗಿದೆ, ಅಷ್ಟೆ. ಟೋಪಿಯದೇ ತಪ್ಪು."

"ಅದನ್ನೇ ನಾನೂ ಅಂದ್ಕೊಂಡೆ," ಎಂದು ತಮ್ಮ ಎದ್ದ. ಚರ್ಮದ ಪಟ್ಟಿಯ ಹಿಂದೆ ಒಂದು ತುಂಡು ಸೇರಿತು. ಟೋಪಿ ಗಟ್ಟಿಯಾಗಿ ಕೂತಿತು.

* * *

ಟೋಪಿ ಆರಿತು. ಅದನ್ನು ಹಿಡಿದುಕೊಂಡು ಅವನು ಮುಂದಿನ ಕೋಣೆಗೆ ಬಂದ. ಜನ ಗೋಡೆಗೆ ಒರಗಿ, ಕುರ್ಚಿಗಳ ತುದಿಯಲ್ಲಿ, ಹೊಸ್ತಿಲ ಆಚೆ ನಿಂತಿದ್ದರು. ತಮ್ಮನ ಜೊತೆ ಮೀಟರು ಓದುತ್ತಿದ್ದ ಕುಳ್ಳಗಿನ ಮನುಷ್ಯ ಟೋಪಿಯನ್ನು ಕಂಡದ್ದೇ ಅಳುನಗೆ ನಕ್ಕ.

"ಆಫೀಸಿನಲ್ಲಿ ಹೊಸಬರು ಯಾರೇ ಬರಲಿ, ಇದನ್ನ ತೋರಿಸಿ ಹೇಳೋನು. 'ನಮ್ಮಣ್ಣ ಊರಿಗೆಲ್ಲ ದುಡ್ಡು ತಗೊಂಡು ಟೋಪಿ ಹಾಕ್ತಾನೆ. ನನಗೊಬ್ಬನಿಗೆ ಪುಕ್ಕಟೆ.' ಸಾವಿರ ಸಲ ಕೇಳಿದೀನಿ ಸ್ವಾಮಿ. ಪ್ರತಿ ಸಲ ಅವನೇ ಮೊದಲು ನಗೋನು."

ಒಂದಿಬ್ಬರು ನಕ್ಕರು. ಟೋಪಿಯವನು ನೆಲ ನೋಡಿದ.

ಅಕ್ಕ ಪೆಟ್ಟಿಗೆಯ ಪಕ್ಕದಲ್ಲಿ ಕೂತಿದ್ದಳು. ತಾಯಿ ಸತ್ತಾಗ ನಾಲ್ಕು ವರ್ಷದ ಈ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಬೆಳಗಿನಿಂದ ಅತ್ತಿರಲಿಲ್ಲ. ಅಳುವ ಬದಲು ಅವಳು ಯಾರನ್ನೋ ಹುಡುಕುತ್ತಿದ್ದಳು. ಈಗ ಅವಳ ಕಣ್ಣು ತಲೆಯ ಹತ್ತಿರ ಕೂತಿದ್ದ ತಮ್ಮನ ಹೆಂಡತಿಯ ಮೇಲೆ ನಿಂತಿತು.

"ಡಾಕ್ಟರು ಏನಂದ್ರು, ಎಲ್ಲರೂ ಕೇಳಲಿ, ಹೇಳು."

"ಈಗ್ಯಾಕೆ ಅತ್ತಿಗೆ..."

"ಆರು ತಿಂಗಳು ಮೊದಲೇ ಬಂದಿದ್ರೆ ಅಂದ್ರು. ಅಲ್ವಾ? ಹೊಟ್ಟೆಯೊಳಗೆ ಅಷ್ಟು ಬೆಳೆಯೋ ತನಕ ಇವಳು ಏನ್ ಮಾಡ್ತಿದ್ಲು? ಒಂದೇ ಮನೇಲಿ ಇದ್ದು, ಒಂದೇ ತಟ್ಟೆ ತೊಳೆದು, ಗಂಡ ಕಡ್ಡಿ ಆಗ್ತಿರೋದು ಕಣ್ಣಿಗೆ ಬೀಳಲಿಲ್ವಾ?"

"ಬಿತ್ತು." ಅವಳು ತಲೆಯೆತ್ತಿದಳು. "ಬಿತ್ತು ಅತ್ತಿಗೆ. ಪ್ಯಾಂಟು ನಿಲ್ತಿಲ್ಲ ಅಂದೆ, ನಡೆದ್ರೆ ಹೊಟ್ಟೆ ಇಳಿಯುತ್ತೆ ಅಂದ್ರು. ಅನ್ನ ಬಿಡ್ತಿದೀರಿ ಅಂದೆ, ಬಿಸಿಲು ಅಂದ್ರು. ಆಸ್ಪತ್ರೆಗೆ ಹೋಗೋಣ ಬನ್ನಿ ಅಂತ ಬಾಗಿಲಿಗೆ ಅಡ್ಡ ನಿಂತೆ. ಟೋಪಿ ಹಾಕ್ಕೊಂಡು ತಲೆ ಹಿಂಗೆ ಅಲ್ಲಾಡಿಸಿ ತೋರಿಸಿದ್ರು. 'ನೋಡೇ, ಬೆರಳಷ್ಟೂ ಜಾರಿಲ್ಲ. ಕಾಯಿಲೆ ಆಗಿದ್ರೆ ಮೊದಲು ಇದು ಜಾರಬೇಕಿತ್ತು. ನನ್ನ ತಲೆ ಅಳೆದಿರೋನು ನಮ್ಮಣ್ಣ.' ಅದರ ಮೇಲೆ ನಾನೇನು ಹೇಳ್ಲಿ?"

"ಸತ್ತವನ ಮೇಲೆ ಹಾಕು. ಅವನು ಎದ್ದು ಬಂದು ಇಲ್ಲ ಅಂತಾನಾ?"

"ಅವರ ಆಣೆ ಅತ್ತಿಗೆ."

"ಅವನ ಆಣೆ ಮಾಡಬೇಡ. ಏಳು ಅಲ್ಲಿಂದ. ತಲೆ ಹತ್ತಿರ ನಾನು ನಿಲ್ತೀನಿ. ನೋಡಿಕೊಳ್ಳದವಳಿಗೆ ಆ ಜಾಗ ಯಾಕೆ? ಕಾಲ ಹತ್ತಿರ ಹೋಗು."

ಕುಳ್ಳಗಿನ ಮನುಷ್ಯ "ಅಮ್ಮಾ, ಬೇಡ" ಎಂದು ಶುರುಮಾಡಿ ನಿಲ್ಲಿಸಿದ. ತಮ್ಮನ ಹೆಂಡತಿ ಒಂದು ಕ್ಷಣ ಟೋಪಿಯವನ ಕಡೆ ನೋಡಿದಳು. ಅವಳ ನೋಟದಲ್ಲಿ ಆರೋಪವಿರಲಿಲ್ಲ. ಅಣ್ಣನಾದವನು ಒಂದು ಮಾತು ಹೇಳಲಿ, 'ಹೌದು, ಅವನು ಹಾಗೇ ಹಟಮಾರಿ' ಎನ್ನಲಿ, ಅಷ್ಟೇ ಕೇಳಿದ್ದು. ದೇವರೇ, ಬಾಯಿ ತೆರೆಸು ಎಂದುಕೊಂಡ. ಆದರೆ ತೆರೆಯಬೇಕಾದವನು ತಾನೇ. ಅವನು ತೆರೆಯಲಿಲ್ಲ. ಅವಳು ಎದ್ದು, ಪೆಟ್ಟಿಗೆಯನ್ನು ಸುತ್ತಿ ಹೋಗಿ, ಗಂಡನ ಪಾದಗಳ ಬಳಿ ನಿಂತಳು.

* * *

ಎರಡನೆಯ ತುಂಡನ್ನು ಕೇಳದೆಯೇ ಇಟ್ಟಿದ್ದ. ತಮ್ಮ ಚಹಾ ಕುಡಿಯುತ್ತಿದ್ದಾಗ "ಧೂಳು ಹೊಡೀತೀನಿ ಕೊಡು" ಎಂದು ಟೋಪಿ ತೆಗೆದುಕೊಂಡು ಹಿಂದಿನ ಕೋಣೆಗೆ ಹೋಗಿದ್ದ. ಮೂರನೆಯದಕ್ಕೆ ಟೇಪು ಕೂಡ ಬೇಕಾಗಲಿಲ್ಲ. ಬಾಗಿಲಲ್ಲಿ ನಿಂತ ತಮ್ಮನ ಕೆನ್ನೆಯ ಮೂಳೆ ನೋಡಿದ್ದೇ ಸಾಕಾಯಿತು.

"ಯಾಕಣ್ಣಾ ಹಂಗೆ ನೋಡ್ತೀಯಾ?"

"ಏನಿಲ್ಲ. ಟೋಪಿ ಕೊಡು, ಅಂಚು ಬಾಗಿದೆ."

ಅವತ್ತು ಹೇಳಬಹುದಿತ್ತು. ಆದರೆ ಮೂರನೆಯದನ್ನು ಹೇಳಬೇಕಾದರೆ ಎರಡನೆಯದನ್ನೂ, ಅದರ ಹಿಂದಿನ ಮೊದಲನೆಯದನ್ನೂ ಬಿಚ್ಚಬೇಕಿತ್ತು. 'ನಾನು ಕೇಳಿದಾಗ ಟೋಪಿಯದೇ ತಪ್ಪು ಅಂದೆಯಲ್ಲ' ಎಂದು ತಮ್ಮ ಕೇಳಿದರೆ ಏನು ಹೇಳುವುದು? ಒಳಗೆ ಕೂತು ಒಂದು ತುಂಡು ಕತ್ತರಿಸಿದ. ಮೆದುವಾದದ್ದನ್ನೇ ಆರಿಸಿದ, ಹಣೆಗೆ ಒತ್ತದಿರಲೆಂದು. ಅವತ್ತು ಸಂಜೆ ಪ್ರಾರ್ಥನೆಗೆ ಕೂತು ತಮ್ಮನ ಭಾರವನ್ನು ದೇವರ ಮೇಲೆ ಹಾಕಿ ಎದ್ದ. ಎದ್ದಾಗ ಮನಸ್ಸು ಹಗುರವಾಗಿತ್ತು. ಆ ಹಗುರವನ್ನು ನೆನೆದರೆ ಈಗಲೂ ಅವನಿಗೆ ಹೇಸಿಗೆಯಾಗುತ್ತದೆ.

ಅದಕ್ಕೂ ಮೊದಲು, ಮೂರನೆಯ ತುಂಡು ಸೇರಿಸಿದ ಮೇಲೆ, ಹೊರಗೆ ಬಂದು ಟೋಪಿ ಹಾಕಿಸಿದ್ದ. ತಮ್ಮ ತಲೆಯನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ, "ನಿನ್ನ ಕೈ ಕೈಯೇ ಕಣಣ್ಣಾ" ಎಂದು ಬೀದಿಗಿಳಿದ.

* * *

ಪ್ರಾರ್ಥನೆ ಹೇಳುವ ಹಿರಿಯರು ಬಂದರು. "ಹೊತ್ತಾಯ್ತು. ಕೊನೆ ಸಲ ಮುಖ ನೋಡೋರು ಸಾಲಾಗಿ ಬನ್ನಿ. ಟೋಪಿ ಇಡೋದಿದ್ರೆ ಇಟ್ಟುಬಿಡಿ."

ಬೀದಿಯವರೆಗೂ ಸಾಲು ನಿಂತಿತು. ತಮ್ಮ ಮೀಟರು ಓದುತ್ತಿದ್ದ ಮನೆಗಳವರೇ ಹೆಚ್ಚು.

ಟೋಪಿಯವನು ಪೆಟ್ಟಿಗೆಯ ಹತ್ತಿರ ಬಂದ. ಅಕ್ಕ ದಿಂಬನ್ನು ಎತ್ತರಿಸಿ ಜಾಗ ಮಾಡಿಕೊಟ್ಟಳು. ಅವನು ಟೋಪಿಯನ್ನು ಇಡಲಿಲ್ಲ. ತಲೆಕೆಳಗು ಮಾಡಿ, ಚರ್ಮದ ಪಟ್ಟಿಯನ್ನು ಹೊರಕ್ಕೆ ಮಗುಚಿ, ಒಂದು ತುಂಡನ್ನು ಎಳೆದ.

"ಏನೋ ಅದು?" ಅಕ್ಕ ಕೇಳಿದಳು.

ಎರಡನೆಯದನ್ನು ಎಳೆದ. ಮೂರನೆಯದು ಬೆವರಿಗೆ ಅಂಟಿಕೊಂಡಿತ್ತು. ಉಗುರು ಹಾಕಿ ಕಿತ್ತ. ಮೂರನ್ನೂ ಪೆಟ್ಟಿಗೆಯ ಅಂಚಿನ ಮೇಲೆ ಸಾಲಾಗಿ ಇಟ್ಟ. ಆಮೇಲೆ ಎರಡೂ ಕೈಯಿಂದ ಟೋಪಿಯನ್ನು ತಮ್ಮನ ತಲೆಗೆ ಹಾಕಿ ಕೈ ಬಿಟ್ಟ.

ಅದು ಬಿಳಿಯ ಹಣೆಯ ಮೇಲೆ ನಿಲ್ಲಲಿಲ್ಲ. ಹುಬ್ಬು ದಾಟಿತು, ಕಣ್ಣು ಮುಚ್ಚಿತು, ಮೂಗಿನ ಮೇಲೆ ಬಂದು ಕೂತಿತು. ತುಟಿ ಮತ್ತು ಗದ್ದ ಮಾತ್ರ ಉಳಿದವು.

ಸಾಲಿನಲ್ಲಿ ಮುಂದಿದ್ದ ಹೆಂಗಸು "ಅಯ್ಯೋ" ಎಂದಳು.

"ಅವಳು ಹೇಳಿದ್ದು ನಿಜ ಅಕ್ಕ," ಟೋಪಿಯವನು ಹೇಳಿದ. ಮಾತು ಯಾರದೋ ಬಾಯಿಂದ ಬಂದಂತಿತ್ತು. "ಒಂಬತ್ತು ತಿಂಗಳ ಹಿಂದೆ ತಲೆ ಇಳಿದಿತ್ತು. ಟೇಪು ಹಿಡಿದಿದ್ದೆ, ನನಗೆ ಗೊತ್ತಿತ್ತು. ಅವನು ನನ್ನನ್ನ ಬಾಯಿಬಿಟ್ಟು ಕೇಳಿದ. ಇಲ್ಲ ಅಂದೆ. ಜಾರೋ ಹಾಗಾದಾಗಲೆಲ್ಲ ಇದನ್ನ ತುರುಕಿದೆ."

ಅಕ್ಕ ಆ ಮೂರು ತುಂಡುಗಳನ್ನು ನೋಡಿದಳು. ಬೆಳಗಿನಿಂದ ಹುಡುಕುತ್ತಿದ್ದವನು ಸಿಕ್ಕಿದ್ದ. ಅವನೂ ತಾನೇ ಸಾಕಿದವನು. "ನೀನಾ?" ಎಂದಳು. ಗೋಡೆ ಹಿಡಿದುಕೊಂಡು ಸರಿದು ಹೋದಳು. ತಮ್ಮನ ಹೆಂಡತಿಗೆ ಒಂದು ಮಾತೂ ಹೇಳಲಿಲ್ಲ.

ತಲೆಯ ಹತ್ತಿರದ ಜಾಗ ಖಾಲಿಯಾಯಿತು. ಅವಳು ಪಾದಗಳ ಬಳಿಯಿಂದ ನಡೆದು ಬಂದು ಅಲ್ಲಿ ನಿಂತಳು. ಟೋಪಿಯವನು ಗಾಬರಿಯಿಂದ ತುಂಡುಗಳನ್ನು ಬಾಚಿಕೊಂಡ. "ಇರಮ್ಮಾ, ಒಂದು ನಿಮಿಷ. ಮತ್ತೆ ಇಟ್ಟು ಸರಿಯಾಗಿ ಕೂರಿಸಿಬಿಡ್ತೀನಿ. ಜನ ಮುಖ ನೋಡಬೇಕಲ್ಲ."

"ಮುಟ್ಟಬೇಡಿ," ಅಂದಳು. ಭಾವ ಎನ್ನಲಿಲ್ಲ.

ಅವಳು ಟೋಪಿಯ ಅಂಚನ್ನು ಎತ್ತಿದಳು. ಮುಖ ಕಂಡಿತು. ಬಿಟ್ಟಳು, ಜಾರಿತು. ಇನ್ನೊಮ್ಮೆ ಎತ್ತಿ, ಹಿಂದಕ್ಕೆ ಒತ್ತಿ ನೋಡಿದಳು. ಮತ್ತೆ ಜಾರಿತು. ಆಗ ಎರಡು ಬೆರಳಲ್ಲಿ ಅಂಚನ್ನು ಹಿಡಿದು, ಹಣೆಯಿಂದ ಮೇಲಕ್ಕೆ ಎತ್ತಿಕೊಂಡೇ ನಿಂತು, ಸಾಲಿಗೆ ತಲೆಯಾಡಿಸಿದಳು.

ಜನ ಒಬ್ಬೊಬ್ಬರಾಗಿ ಬಂದು ಬಗ್ಗಿ ನೋಡಿ ಹೋದರು. ಬೀದಿಯ ತುದಿಯ ಮನೆಯವರು ಬಂದರು, ಆಫೀಸಿನವರು ಬಂದರು. ಅವಳು ಸೋತ ಕೈಗೆ ಇನ್ನೊಂದು ಕೈಯ ಆಸರೆ ಕೊಟ್ಟಳು. ಯಾರೋ "ನಾನು ಹಿಡೀತೀನಿ ತಾಯಿ" ಎಂದರು. ಅವಳು ಬಿಡಲಿಲ್ಲ.