ಬಣ್ಣ ಬಳಿಸಿಕೊಂಡ ನಾಬು

ನಾನು ಗ್ಯಾಸ್ ಒಲೆಯ ಒಂದು ನಾಬು. ಹುಟ್ಟಿದ್ದು ಧಾರವಾಡದ ಒಂದು ಎಂಜಿನಿಯರಿಂಗ್ ಕಾಲೇಜಿನ ತ್ರೀಡಿ ಪ್ರಿಂಟರಿನಲ್ಲಿ, ಶ್ಯಾವಿಗೆಯಂತೆ ಎಳೆ ಎಳೆಯಾಗಿ. ಹೆತ್ತವಳು ಪ್ರಾಡಕ್ಟ್ ಡಿಸೈನ್ ಓದುವ ಕೊನೆಯ ವರ್ಷದ ಶಾಲ್ಮಲಾ. ನನಗಿಂತ ಮುಂಚೆ ಹುಟ್ಟಿದ ಅಣ್ಣಂದಿರು ಸೊಟ್ಟಗಾಗಿ, ಸಡಿಲಾಗಿ ಕಸದ ಬುಟ್ಟಿ ಸೇರಿದ್ದರು.

ಅವಳು ನನ್ನನ್ನು ಮಾಡಿದ್ದು ಅಪ್ಪನಿಗಾಗಿ. ಸಕ್ಕರೆ ಕಾಯಿಲೆಯಿಂದ ಬಸವಂತಪ್ಪನವರ ಕಣ್ಣು ಹೋಗಿತ್ತು. ಹೆಂಡತಿ ನೀಲವ್ವ ಕೆಲಸಕ್ಕೆ ಹೋದರೆ, ಆಕೆ ಬರುವವರೆಗೆ ಒಂದು ಕಪ್ ಚಹಾಕ್ಕೂ ಅವರು ಕಾಯಬೇಕಿತ್ತು. ಅದಕ್ಕೇ ನನ್ನ ಅಂಚಿಗೆ ಜೋಳದ ಕಾಳಿನಷ್ಟು ಉಬ್ಬು. ಉಬ್ಬು ಮೇಲಿದ್ದರೆ ಒಲೆ ಬಂದ್, ಪಕ್ಕಕ್ಕಿದ್ದರೆ ಉರಿ. ಬೆರಳಿಗೆ ಇಷ್ಟು ತಿಳಿದರೆ ಸಾಕು. ಅಪ್ಪ ಒಮ್ಮೆ ಮುಟ್ಟಿ ನೋಡಿ ತಲೆಯಾಡಿಸಿದ್ದರು.

ಅಷ್ಟಕ್ಕೇ ಬಿಟ್ಟಿದ್ದರೆ ಸುಖವಾಗಿರುತ್ತಿದ್ದೆ. ಈ ಡಿಸೈನ್ ಕಲಿಯುವವರು ಬಿಡಬೇಕಲ್ಲ! ಪರೀಕ್ಷಕರು ಮೊದಲು ನೋಡುವುದು ಫಿನಿಶಿಂಗ್ ಅಂತೆ. ಅವಳ ಗೈಡ್ ಹೆರೂರ ಸರ್ ನನ್ನನ್ನು ಎತ್ತಿ ಹಿಡಿದು, "ಇದೇನವಾ, ಹಿಂಗ ಒರಟ ಇಟ್ಟೀ? ಚಲೋ ತಿಕ್ಕು, ಬಣ್ಣಾ ಹಚ್ಚು" ಅಂದರು. ಶಾಲ್ಮಲಾ ಉಪ್ಪುಕಾಗದ ಹಿಡಿದು ವಾರಗಟ್ಟಲೆ ನನ್ನ ಚರ್ಮ ಸುಲಿದಳು. ಆಮೇಲೆ ಬಣ್ಣದ ಚರ್ಚೆ. ನವಿಲು ನೀಲಿಯೋ, ಲಿಂಬೆ ಹಳದಿಯೋ ಎಂದು ಗೆಳತಿಯರೆಲ್ಲ ಸೇರಿ ತಲೆ ತಿಂದರು. ಅಯ್ಯೋ ತಾಯಿ, ಕಣ್ಣು ಕಾಣದವರಿಗೆ ಯಾವುದಾದರೇನು! ಬಾಯಿಲ್ಲದ ನಾನು ಯಾರಿಗೆ ಹೇಳಲಿ? ಕೊನೆಗೆ ಹಳದಿಯನ್ನು ಪದರ ಪದರವಾಗಿ ಬಳಿದರು. ಫಳಫಳ ಹೊಳೆದೆ. ಉಬ್ಬು ಮಾತ್ರ ಹೆಸರಿಗಷ್ಟೇ ಉಳಿದಿತ್ತು.

ಪರೀಕ್ಷೆಯ ಹಿಂದಿನ ದಿನ ನನ್ನನ್ನು ಮನೆಯ ಒಲೆಗೆ ಸಿಕ್ಕಿಸಿ ಅಪ್ಪನನ್ನು ಕರೆದಳು. ಬಸವಂತಪ್ಪನವರು ಚಹಾ ಕುದಿಸಿ ನನ್ನನ್ನು ತಿರುಗಿಸಿದರು. ಉರಿ ಆರಿತು. ಮೊಬೈಲಿನಲ್ಲಿ ವಿಡಿಯೊ ಹಿಡಿಯುತ್ತಿದ್ದ ಮಗಳು ಕುಣಿಯುತ್ತ ಹೊರಗೆ ಓಡಿದಳು. ಅವರಿಗೋ ಅನುಮಾನ. ಬಂದ್ ಆಯಿತೋ ಇಲ್ಲವೋ ಎಂದು ಮತ್ತೆ ತಡವಿದರು. ಉಬ್ಬು ಸಿಗಲಿಲ್ಲ. ಯಾವುದಕ್ಕೂ ಇರಲೆಂದು ಇನ್ನೊಮ್ಮೆ ತಿರುಗಿಸಿದರು. ಗ್ಯಾಸ್ ಬುಸ್ಸೆಂದು ಹೊರಟಿತು. ಜೀವಮಾನದಲ್ಲಿ ನಾನು ಅಷ್ಟು ಹೆದರಿದ್ದಿಲ್ಲ.

"ಅಯ್ಯ, ಗ್ಯಾಸ್ ವಾಸನಿ!" ಎಂದು, ಆಗಷ್ಟೇ ಕೆಲಸದಿಂದ ಮರಳಿದ್ದ ನೀಲವ್ವ ಓಡಿಬಂದು ನನ್ನನ್ನು ಬಂದ್ ಮಾಡಿ ಕಿಟಕಿ ತೆರೆದಳು. ಶಾಲ್ಮಲಾ ಬಾಗಿಲಲ್ಲೇ ಬಿಳಿಚಿಕೊಂಡು ನಿಂತಳು.

"ಮದಲ ಕಾಳ ಇತ್ತಲ್ಲವಾ, ಎಲ್ಲಿ ಹೋತು?" ಎಂದರು ಬಸವಂತಪ್ಪನವರು. "ಇರ್ಲಿ ಬಿಡು. ನಿಮ್ಮವ್ವ ಬರೂತನಾ ಕಾಯ್ತೇನಿ. ರೂಢಿ ಆಗೇತಿ."

ಶಾಲ್ಮಲಾ ಅಳುತ್ತಲೇ ಬ್ಲೇಡು ಹಿಡಿದು ಬಣ್ಣ ಕೆರೆದಳು. ಸವೆದ ಉಬ್ಬಿನ ಮೇಲೆ ಗಟ್ಟಿ ಅಂಟಿನಿಂದ ಹೊಸ ಉಬ್ಬು ಕೂರಿಸಿದಳು. ತೊನ್ನು ಹತ್ತಿದವನಂತೆ ಪರೀಕ್ಷೆಗೆ ಹೋದೆ. ಪರೀಕ್ಷಕರು ಮುಖ ಸಿಂಡರಿಸಿದರು. "ಕಣ್ಣ ಮುಚ್ಚಿ ಹಿಡೀರಿ ಸರ್" ಅಂದಳು. ಹಿಡಿದರು, ತಲೆಯಾಡಿಸಿದರು, ಫಿನಿಶಿಂಗಿನ ಅಂಕ ಮಾತ್ರ ಕೊಡಲಿಲ್ಲ. ಪಾಸಾದಳು, ಅಷ್ಟೇ.

ಈಗ ನನಗೆ ವಯಸ್ಸಾಗಿದೆ. ಮೈಯೆಲ್ಲ ಜಿಡ್ಡು, ಉಕ್ಕಿದ ಹಾಲಿನ ಕಲೆ. ನನ್ನನ್ನು ಚೆಂದ ಅಂದವರು ಯಾರೂ ಇಲ್ಲ, ನನಗದು ಬೇಕಾಗಿಯೂ ಇಲ್ಲ. ಸಂಜೆ ನೀಲವ್ವ ಬಾಗಿಲಲ್ಲಿ ಚಪ್ಪಲಿ ಬಿಡುವ ಸಪ್ಪಳ ಕೇಳುತ್ತದೆ. ಬಸವಂತಪ್ಪನವರು ನನ್ನ ಉಬ್ಬನ್ನು ಮುಟ್ಟಿ, ಒಲೆ ಹೊತ್ತಿಸಿ, ಒಳಗಿನಿಂದಲೇ ಕೂಗುತ್ತಾರೆ:

"ದಣದ ಬಂದಿ, ಕೂಡ್ರು. ಚಹಾ ತರ್ತೇನಿ."