ಮೂರನೇ ಹಲ್ಲು

ಡಬ್ಬಿಯ ಮುಚ್ಚಳ ಕಿತ್ತು ಬಂದ ರಭಸಕ್ಕೆ ಕೀಗಳೆಲ್ಲ ಜಲಜಲನೆ ಅಂಗಡಿಯ ನೆಲದ ಮೇಲೆ ಚೆಲ್ಲಿಹೋದವು. ಅವಳು ಮೊದಲು ನೋಡಿದ್ದು ಕೀಗಳನ್ನಲ್ಲ, ಬೀದಿಯನ್ನು. ಎದುರಂಗಡಿಯ ಟೈಲರ್ ತಲೆ ಬಗ್ಗಿಸಿ ಹೊಲಿಯುತ್ತಿದ್ದ. ಯಾರೂ ಇತ್ತ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆಯೇ ಮಂಡಿಯೂರಿ ಕೂತು ಒಂದೊಂದಾಗಿ ಆರಿಸತೊಡಗಿದಳು.

ಸೋದರಮಾವ ತೀರಿಕೊಂಡು ಎರಡು ತಿಂಗಳಾಗಿತ್ತು. ಕೀ ಉಜ್ಜುವ ಸಣ್ಣ ಅರವೊಂದನ್ನು ಹುಡುಕುತ್ತ ಅವರ ಮೇಜಿನ ಕೆಳಖಾನೆಯನ್ನು ಪೂರ್ತಿ ಹೊರಗೆಳೆದಾಗ, ಅದರ ಹಿಂದೆ, ಗೋಡೆಗೆ ಒತ್ತಿಕೊಂಡಂತೆ ಈ ಬಿಸ್ಕತ್ತಿನ ಡಬ್ಬಿ ಸಿಕ್ಕಿತ್ತು. ಪ್ರತಿ ಕೀಗೂ ದಾರದಲ್ಲಿ ಒಂದು ರಟ್ಟಿನ ಚೀಟಿ ಕಟ್ಟಿತ್ತು. 'ಟೀಚರಮ್ಮ, ಮುಂಬಾಗಿಲು.' 'ರೇಡಿಯೋ ರಿಪೇರಿ, ಮಹಡಿ.' 'ಕಾಂಪೌಂಡರ್ ಮನೆ, ಹಿತ್ತಿಲು.' ಕೆಳಗೆ ತಾರೀಕು. ಚೀಟಿ ತಿರುಗಿಸಿದರೆ ಗುಟ್ಟಿನಂಥ ಇನ್ನೊಂದು ಸಾಲು: 'ಮೂರನೇ ಹಲ್ಲು, ಆಳ.' 'ಮೊದಲನೇ ಹಲ್ಲು, ಓರೆ.' ಅಂಗಡಿಯ ಬೋರ್ಡಿನ ಮೇಲಿದ್ದ ಅದೇ ಗುಂಡು ಗುಂಡು ಅಕ್ಷರ. ಮಾವನದೇ.

ಅವಳು ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಕೀಗಳನ್ನು ಎಣಿಸಿದಳು.

ಕಾಲೇಜಿಗೆ ಸೇರಿದ ವರ್ಷ ಇದೇ ಮೇಜಿನ ಮುಂದೆ ಅವಳನ್ನು ನಿಲ್ಲಿಸಿಕೊಂಡು ಮಾವ ಹೇಳಿದ್ದರು: "ನೋಡು ಎಡಚಿ, ಗಿರಾಕಿ ಕೀ ಗಿರಾಕಿ ಜೇಬಿಗೆ. ನಮ್ಮ ಹತ್ರ ಉಳಿಯೋದು ಹಿತ್ತಾಳೆ ಪುಡಿ ಒಂದೇ. ಒಂದು ಕೀ ಹೆಚ್ಚಿಗೆ ಉಳೀತು ಅಂದ್ರೆ ನಾವು ಬೀಗದೋರಲ್ಲ, ಕಳ್ಳರು." ಎಡಗೈಯಲ್ಲಿ ಅರ ಹಿಡಿಯುತ್ತಿದ್ದುದರಿಂದ ಅವಳು ಎಡಚಿ. ಬೇರೆ ಯಾರಾದರೂ ಹಾಗೆ ಕರೆದರೆ ಜಗಳಕ್ಕೇ ನಿಲ್ಲುತ್ತಿದ್ದಳು. ಮಾವ ಕರೆದರೆ ಬಿರುದು ಕೊಟ್ಟ ಹಾಗಿರುತ್ತಿತ್ತು. ಬಂದ ಗಿರಾಕಿಗಳಿಗೆಲ್ಲ ಅವರು ತಪ್ಪದೆ ಹೇಳುತ್ತಿದ್ದ ಮಾತು ಇನ್ನೊಂದಿತ್ತು: "ನಮ್ಮ ಎಡಚಿ ಮಾಡಿದ ಕೀ ಇವತ್ತಿನವರೆಗೆ ಒಂದೂ ವಾಪಸ್ ಬಂದಿಲ್ಲ." ಸಣ್ಣದಕ್ಕೂ ಕೈಕಾಲು ಬಿಡುವ ಸ್ವಭಾವದ ಅವಳು ಈ ಒಂದು ಮಾತನ್ನೇ ಊರುಗೋಲು ಮಾಡಿಕೊಂಡು ಇಷ್ಟು ವರ್ಷ ನಡೆದಿದ್ದಳು.

ಈಗ ಇಲ್ಲಿ ಮೂವತ್ತೊಂದು ಕೀ ಉಳಿದಿದ್ದವು.

ರೇಡಿಯೋ ರಿಪೇರಿಯವರ ಮನೆಗೆ ಕಳ್ಳರು ನುಗ್ಗಿದ್ದು ಅವಳಿಗೆ ನೆನಪಿತ್ತು. ಬೀಗ ಮುರಿದಿರಲಿಲ್ಲ. ಪೊಲೀಸರು ಅಂಗಡಿಗೂ ಬಂದು ಅರ್ಧ ಗಂಟೆ ಕೂತು ಹೋಗಿದ್ದರು. ಮಾವ ನಗುನಗುತ್ತಲೇ ಮಾತಾಡಿ, ಅವರು ಹೋಗುವಾಗ ಸೈಕಲ್ ಬೀಗಕ್ಕೆ ಎರಡು ಹನಿ ಎಣ್ಣೆಯನ್ನೂ ಹಾಕಿಕೊಟ್ಟಿದ್ದರು. ಎಂಥ ಧೈರ್ಯ ಎಂದು ಅವತ್ತು ಮೆಚ್ಚಿಕೊಂಡಿದ್ದಳು. ಇವತ್ತು ಆ ನಗುವನ್ನು ಮತ್ತೆ ಮತ್ತೆ ನೆನೆದು, ತುಟಿ ಎಲ್ಲಿ ಅದುರಿತ್ತು, ಕಣ್ಣು ಎತ್ತ ಹೊರಳಿತ್ತು ಎಂದು ಹುಡುಕತೊಡಗಿದಳು.

ಮೇಜಿನ ಮೇಲೆ ಸಹಿಗೆ ಕಾದ ಕಾಗದವೊಂದಿತ್ತು. ನರ್ಸುಗಳ ಹಾಸ್ಟೆಲಿನ ವಾರ್ಡನ್ ಹಿಂದಿನ ದಿನ ಕೊಟ್ಟುಹೋಗಿದ್ದರು. ನಲವತ್ತು ಕೋಣೆಗಳಿಗೆ ಹೊಸ ಕೀ. "ನಿಮ್ಮ ಮಾವನ ಹೆಸರು ಕೇಳಿ ಬಂದಿದೀನಮ್ಮ. ಹೆಣ್ಣುಮಕ್ಕಳು ಮಲಗೋ ಜಾಗ. ಓದಿ ಸಹಿ ಹಾಕಿಡಿ, ಶುಕ್ರವಾರ ಬರ್ತೀನಿ." ಕೊನೆಯ ಸಾಲು ಹೀಗಿತ್ತು: ಗಿರಾಕಿಗಳ ಬಾಗಿಲು ತೆರೆಯುವ ಯಾವ ಕೀಯ ಪ್ರತಿಯನ್ನೂ ಈ ಅಂಗಡಿಯಲ್ಲಿ ಇಟ್ಟುಕೊಳ್ಳುವುದಿಲ್ಲ, ಹಿಂದೆಯೂ ಇಟ್ಟುಕೊಂಡಿಲ್ಲ. ಅವಳ ಬೆರಳು 'ಹಿಂದೆಯೂ' ಎಂಬಲ್ಲಿಗೆ ಬಂದು ನಿಂತಿತು. ಸಹಿ ಹಾಕಿದರೆ ಸುಳ್ಳು. ಹಾಕದಿದ್ದರೆ ಯಾಕೆಂದು ಊರಿಗೆಲ್ಲ ಹೇಳಬೇಕು.

ಅಂಗಡಿಯ ಹಿಂದೆಯೇ ಮನೆ. ಅತ್ತೆ ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಇವಳೂ ಎದುರು ಕೂತು ಒಂದು ಹಿಡಿ ಎಳೆದುಕೊಂಡಳು.

"ಅತ್ತೆ, ಮಾವ ಮಧ್ಯಾಹ್ನ ಅಂಗಡಿ ನನಗೆ ಬಿಟ್ಟು ಸೈಕಲ್ ತಗೊಂಡು ಎಲ್ಲಿಗೆ ಹೋಗ್ತಿದ್ರು?"

"ಅಡ್ಡಾಡೋಕೆ."

"ದಿನಾನೂ?"

ಅತ್ತೆಯ ಕೈ ನಿಂತಿತು. "ಈಗ್ಯಾಕೆ ಅದು? ಅಂಗಡೀಲಿ ಏನಾದ್ರೂ ಸಿಕ್ತಾ? ಕಾಗದ? ಫೋಟೋ?"

"ಏನೂ ಇಲ್ಲ. ಸುಮ್ನೆ ಕೇಳಿದೆ."

"ಸುಮ್ನೆ ಕೇಳೋ ಮುಖ ಅಲ್ಲ ನಿಂದು. ನಾನೂ ಬೇಕಾದಷ್ಟು ಕೇಳಿದೀನಿ ಕಣೆ. ಸ್ವಲ್ಪ ಅಡ್ಡಾಡಿ ಬರ್ತೀನಿ ಅನ್ನೋದು, ದೀಪ ಹಚ್ಚೋ ಹೊತ್ತಿಗೆ ಬೆವರು ಸುರಿಸ್ಕೊಂಡು ಬರೋದು. ಅಡ್ಡಾಡೋಕೆ ಚೀಲ ಯಾಕ್ರೀ ಅಂದ್ರೆ ನಗೋದು. ಯಾವಳೋ ಇದಾಳೆ ಅಂತ ಮೂರು ವರ್ಷ ನಿದ್ದೆಗೆಟ್ಟೆ. ಒಂದಿನ ಹಿಂದೇನೇ ಹೋದೆ. ಸೈಕಲ್ ಹಿಂದೆ ಚಪ್ಪಲಿ ಹಾಕ್ಕೊಂಡು ಎಷ್ಟು ದೂರ ಓಡ್ಲಿ ಹೇಳು!"

"ಆಮೇಲೆ?"

"ಆಮೇಲೇನು, ನೀನು ಡಿಗ್ರಿ ಮುಗಿಸಿದ ವರ್ಷ ಮಂಡಿ ಹಿಡ್ಕೊಳ್ತು. ಅಡ್ಡಾಟ ತಾನಾಗೇ ನಿಂತೋಯ್ತು. ದೇವರು ದೊಡ್ಡೋನು."

ಚೀಲ. ಮೂರು ವರ್ಷ. ಚೀಟಿಗಳ ಮೇಲಿನ ತಾರೀಕುಗಳೂ ಅವೇ ಮೂರು ವರ್ಷದವು. ಅವಳ ಕೈಯಲ್ಲಿದ್ದ ಹುರುಳಿಕಾಯಿ ಚೂರುಚೂರಾಯಿತು.

ಮಾರನೆಯ ದಿನ ಹನ್ನೊಂದು ಗಂಟೆಗೆ ಅವಳು ಎರಡು ಬೀದಿ ದಾಟಿ ಟೀಚರಮ್ಮನ ಮನೆಯ ಮುಂದೆ ನಿಂತಿದ್ದಳು. ನಿವೃತ್ತರಾದ ಟೀಚರಮ್ಮ ಒಬ್ಬರೇ ಇರುವವರು; ಆ ಹೊತ್ತಿಗೆ ಲೈಬ್ರರಿಗೆ ಹೋಗುತ್ತಾರೆಂಬುದು ಬೀದಿಗೆಲ್ಲ ಗೊತ್ತು. ಒಂದು ಬಾಗಿಲು ನೋಡಿದರೆ ಸಾಕು, ಅನ್ನ ಬೆಂದಿದೆಯೋ ಇಲ್ಲವೋ ತಿಳಿಯಲು ಒಂದು ಅಗುಳು ಹಿಚುಕಿದ ಹಾಗೆ. ಕೀ ತಿರುಗಿದರೆ ಮಾವ ಕಳ್ಳ. ತಿರುಗದಿದ್ದರೆ ಏನೆಂದು ಅವಳು ಯೋಚಿಸಿರಲಿಲ್ಲ.

ಕೀ ಸಲೀಸಾಗಿ ಒಳಗೆ ಹೋಯಿತು. ತಿರುಗಿಸಿದಳು. ಕೂದಲೆಳೆಯಷ್ಟು ಅಲುಗಿ ನಿಂತಿತು. ಒತ್ತಿದಳು, ಅಲ್ಲಾಡಿಸಿದಳು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಎರಡೂ ಕೈ ಹಾಕಿ ಎಳೆಯುತ್ತಿರುವಾಗ ಬಾಗಿಲೇ ಒಳಕ್ಕೆ ತೆರೆದುಕೊಂಡಿತು.

"ಬೆಲ್ ಇದೆಯಲ್ಲಮ್ಮ," ಎಂದರು ಟೀಚರಮ್ಮ. ತಲೆಗೆ ಟವೆಲ್ ಸುತ್ತಿದ್ದರು. "ಲೈಬ್ರರಿ ಇವತ್ತು ರಜಾ. ಕಳ್ಳತನಕ್ಕೆ ಬರೋರು ಅದನ್ನೆಲ್ಲ ವಿಚಾರಿಸ್ಕೊಂಡು ಬರಬೇಕು."

ಟೀಚರಮ್ಮ ಕನ್ನಡಕ ಏರಿಸಿಕೊಂಡು ನೇತಾಡುತ್ತಿದ್ದ ಚೀಟಿ ಓದಿದರು.

"ಅಯ್ಯೋ, ಇದಿನ್ನೂ ಇದೆಯಾ? ಇದು ತಿರುಗಲ್ಲ ಕಣಮ್ಮ. ಅವತ್ತೂ ತಿರುಗಿರಲಿಲ್ಲ."

"ಯಾವತ್ತು?"

"ನೀನು ಮಾಡಿಕೊಟ್ಟ ದಿನ. ನಾನು ಹಾಕಿ ನೋಡೇ ಇರಲಿಲ್ಲ. ಮಧ್ಯಾಹ್ನ ನಿಮ್ಮ ಮಾವ ಸೈಕಲಲ್ಲಿ ಬಂದು, ಒಂದ್ಸಲ ನೋಡ್ತೀನಿ ಕೊಡಿ ಅಂದ್ರು. ತಿರುಗಲಿಲ್ಲ. ಇದೇ ಮೆಟ್ಟಿಲ ಮೇಲೆ ಕೂತು ಬೇರೆ ಕೀ ಉಜ್ಜಿ ಕೊಟ್ಟು, ಇದನ್ನ ಜೇಬಿಗೆ ಹಾಕ್ಕೊಂಡ್ರು. ಟೀ ಕುಡೀರಿ ಅಂದ್ರೆ, ಇಲ್ಲ, ಹುಡುಗಿ ಮಾಡಿದ್ದು ಇನ್ನೂ ಎರಡು ಮನೇದಿದೆ, ನೋಡಿ ಬರಬೇಕು ಅಂದ್ರು." ಟೀಚರಮ್ಮ ನಕ್ಕರು. "ನನ್ನ ನಾಲಿಗೆ ಸುಮ್ನಿರಬೇಕಲ್ಲ. ತಪ್ಪು ಮುಚ್ಚಿಟ್ರೆ ಅವಳು ಕಲಿಯೋದು ಹೇಗೆ ಅಂದೆ. ನಾಳೆ ಕಲಿಸ್ತೀನಿ ಬಿಡಿ, ತಪ್ಪಾಗಿದ್ದು ಅವಳಿಗೆ ಗೊತ್ತಾಗೋದು ಬೇಡ, ಗೊತ್ತಾದ್ರೆ ಅರ ಕೆಳಗಿಟ್ಟು ಎದ್ದುಹೋಗ್ತಾಳೆ ಅಂದ್ರು. ಇರು, ಎಣ್ಣೆ ತರ್ತೀನಿ. ಅದನ್ನ ನನ್ನ ಬಾಗಿಲಿಗೇ ಬಿಟ್ಟು ಹೋಗಬೇಡ."

ಎಣ್ಣೆ ಬಿದ್ದ ಮೇಲೆ ಕೀ ಕಳಚಿಕೊಂಡು ಬಂತು. ಮೆಟ್ಟಿಲ ಬಿಸಿಲಲ್ಲಿ ಅವಳು ಅದನ್ನು ಹಿಡಿದು ನೋಡಿದಳು. ನಿನ್ನೆಯಿಂದ ಓದಿದ್ದು ಬರೀ ಚೀಟಿಗಳನ್ನು. ಹಿತ್ತಾಳೆಯ ಮೇಲಿನ ಅರದ ಗೆರೆಗಳು ಎಡಕ್ಕೆ ಒರಗಿದ್ದವು. ಬಲಗೈಯ ಮಾವ ಉಜ್ಜಿದರೆ ಹಾಗೆ ಒರಗುವುದಿಲ್ಲ.

ಕೆಲವು ದಿನ ಬೆಳಿಗ್ಗೆ ಮಾವ ಹಿಂದುಮುಂದಿಲ್ಲದೆ ಹೇಳುತ್ತಿದ್ದರು, "ಇವತ್ತು ಬರೀ ಮೂರನೇ ಹಲ್ಲು. ಇಪ್ಪತ್ತು ಸಲ ಉಜ್ಜು. ಕಮ್ಮಿ ಉಜ್ಜಿದ್ರೆ ಮತ್ತೆ ಉಜ್ಜಬಹುದು ಎಡಚಿ, ಆಳ ಹೋದ್ರೆ ತುಂಬೋಕಾಗಲ್ಲ." ಮುದುಕನ ಹುಚ್ಚು ಎಂದುಕೊಂಡು ಉಜ್ಜುತ್ತಿದ್ದಳು.

ಅಂಗಡಿಗೆ ಬಂದು ಮೂವತ್ತೊಂದನ್ನೂ ಮೇಜಿನ ಮೇಲೆ ತಾರೀಕಿನಂತೆ ಜೋಡಿಸಿದಳು. ಎಲ್ಲದರ ಗೆರೆಯೂ ಎಡಕ್ಕೆ ಒರಗಿತ್ತು, ರೇಡಿಯೋ ರಿಪೇರಿಯವರದರಲ್ಲೂ. ಕೊನೆಯ ಚೀಟಿಯ ತಾರೀಕು ಅವಳ ಕೊನೆಯ ಪರೀಕ್ಷೆಯ ತಿಂಗಳದು. ಹಿಂದೆ ತಿರುಗಿಸಿದಳು. 'ಮೂರನೇ ಹಲ್ಲು, ಆಳ.' ಅದರ ನಂತರದ ಕೀ ಒಂದೂ ಇರಲಿಲ್ಲ.

ಮನಸ್ಸು ಹಗುರಾಗಬೇಕಿತ್ತು. ಆದರೆ ಅನುಮಾನ ಮಾವನನ್ನು ಬಿಟ್ಟು ಮೇಜಿನ ಈಚೆ ದಾಟಿ ಅವಳ ಎಡಗೈ ಮೇಲೆ ಬಂದು ಕೂತಿತ್ತು. ಆ ವರ್ಷವೇ ಅಲ್ಲವೆ ಮಂಡಿ ಹಿಡಿದುಕೊಂಡದ್ದು? ಕೀಗಳು ನಿಂತದ್ದು ಕೈ ಪಳಗಿದ್ದಕ್ಕೋ, ಕಾಲು ನಿಂತದ್ದಕ್ಕೋ? ಅಲ್ಲಿಂದೀಚೆಗೆ ಮಾಡಿದ ನೂರಾರು ಕೀಗಳಲ್ಲಿ ಎಷ್ಟು ಯಾರ ಯಾರ ಮನೆಯ ಮೊಳೆಗೆ ಸುಮ್ಮನೆ ನೇತುಬಿದ್ದಿವೆಯೋ. ಕೇಳೋಣವೆಂದರೆ ಹೇಳುವವರಿಲ್ಲ.

ಶುಕ್ರವಾರ ವಾರ್ಡನ್ ಬಂದಾಗ ಅವಳು ಕಾಗದವನ್ನು ಇನ್ನೊಮ್ಮೆ ಓದಿ ಸಹಿ ಹಾಕಿದಳು.

"ಅಷ್ಟು ಹೊತ್ತು ಓದೋಕೇನಿದೆ ಅದರಲ್ಲಿ?" ಎಂದರು ವಾರ್ಡನ್.

"'ಬಾಗಿಲು ತೆರೆಯುವ ಕೀ' ಅಂತ ಬರೆದಿದೀರಲ್ಲ ಮೇಡಂ. ಅಷ್ಟು ಸರಿ ಇದೆ."

ಹತ್ತು ದಿನದಲ್ಲಿ ನಲವತ್ತೂ ಕೀಗಳು ಹಾಸ್ಟೆಲು ಸೇರಿದವು. ದೂರೇನೂ ಬರಲಿಲ್ಲ. ಮಾರನೆಯ ಮಧ್ಯಾಹ್ನ ಅವಳು ಮಾವನ ಚೀಲ ಕೊಡವಿ, ಅರ, ಇನ್ನೂ ಹಲ್ಲು ಉಜ್ಜದ ಒಂದಷ್ಟು ಕೀ, ರಟ್ಟಿನ ಚೂರು, ದಾರದುಂಡೆ ಎಲ್ಲವನ್ನೂ ಅದರಲ್ಲಿ ಹಾಕಿಕೊಂಡಳು. ಗೋಡೆಗೆ ಒರಗಿಸಿದ್ದ ಸೈಕಲ್ಲನ್ನು ಈಚೆ ತಂದಳು.

"ಎಲ್ಲಿಗೆ ಹೊರಟೆ?" ಎಂದರು ಅತ್ತೆ ಒಳಗಿನಿಂದ.

"ಸ್ವಲ್ಪ ಅಡ್ಡಾಡಿ ಬರ್ತೀನಿ ಅತ್ತೆ."

ಅತ್ತೆ ಬಾಗಿಲಿಗೆ ಬಂದರು. ಅವರ ಕಣ್ಣು ಮೊದಲು ಅವಳ ಮುಖಕ್ಕೆ, ಆಮೇಲೆ ಚೀಲಕ್ಕೆ ಇಳಿದು ಅಲ್ಲೇ ನಿಂತಿತು. "ಅಡ್ಡಾಡೋಕೆ ಚೀಲ ಯಾಕೆ?"

ಅವಳಿಗೆ ನಗು ಬಂತು. ಸೀಟು ಇನ್ನೂ ಮಾವನ ಎತ್ತರಕ್ಕೇ ಇತ್ತು. ಕಾಲ ತುದಿಯಲ್ಲಿ ಪೆಡಲು ತುಳಿಯುತ್ತ, ಅತ್ತಿತ್ತ ವಾಲುತ್ತ ಬೀದಿಗಿಳಿದಳು. ಟೈಲರ್ ಅಂಗಡಿ ದಾಟಿ ತಿರುವಿನಲ್ಲಿ ಹಿಂದೆ ನೋಡಿದಾಗ, ಅತ್ತೆ ಮೆಟ್ಟಿಲಿಳಿದು ಬಂದು, ಒಂದು ಚಪ್ಪಲಿ ಮೆಟ್ಟಿ, ಇನ್ನೊಂದಕ್ಕಾಗಿ ಕಾಲಲ್ಲೇ ತಡಕಾಡುತ್ತಿದ್ದರು.